ಬಟ್ಟೆಯಲ್ಲಿ ಬೆಳೆದ ಕಾಡು: ಜಪಾನಿನ ‘ಮೊರಿ ಗರ್ಲ್’ ಉಡುಗೆ ಮತ್ತು ಅದನ್ನು ರೂಪಿಸಿದ ಬ್ರ್ಯಾಂಡ್‌ಗಳು

2006ರ ಆಗಸ್ಟ್‌ನಲ್ಲಿ ಜಪಾನಿನ ಮಿಕ್ಸಿ ಎಂಬ ಸಾಮಾಜಿಕ ಜಾಲತಾಣದಲ್ಲಿ ಯುವತಿಯೊಬ್ಬಳು ಒಂದು ಗುಂಪು ಶುರುಮಾಡಿದಳು. ಅವಳ ಉಡುಪು ನೋಡಿ ಸ್ನೇಹಿತರೊಬ್ಬರು, ನೀನು ಕಾಡಿನಲ್ಲಿ ಇರುವ ಹುಡುಗಿಯ ಹಾಗೆ ಕಾಣುತ್ತೀಯ ಎಂದಿದ್ದರಂತೆ. ಆ ಮಾತೇ ಗುಂಪಿನ ಹೆಸರಾಯಿತು: ‘ಮೊರಿ ಗರ್ಲ್’, ಅಂದರೆ ಕಾಡಿನ ಹುಡುಗಿ. ಸಡಿಲವಾದ ಫ್ರಾಕು ಇಷ್ಟ, ಕ್ಯಾಮೆರಾ ಹಿಡಿದು ಕಾಲ್ನಡಿಗೆಯಲ್ಲಿ ಸುತ್ತುವುದು ಇಷ್ಟ, ಹಳೆಯ ಸಾಮಾನು ಇಷ್ಟ ಎಂಬಂಥ ಲಕ್ಷಣಗಳ ಉದ್ದನೆಯ ಪಟ್ಟಿಯೊಂದು ಅಲ್ಲಿ ಬೆಳೆಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಗುಂಪಿನ ಸದಸ್ಯರು ಮೂವತ್ತು ಸಾವಿರ ದಾಟಿದ್ದರು. ಪತ್ರಿಕೆಗಳು ವಿಶೇಷ ಸಂಚಿಕೆ ತಂದವು, ಅಂಗಡಿಗಳು ಕಪಾಟು ತೆರೆದವು. ಮತ್ತೆ ಮೂರು ವರ್ಷದಲ್ಲಿ ಆ ಹೆಸರು ಹಳತಾಗತೊಡಗಿತು.

ಇಷ್ಟನ್ನೇ ಓದಿದರೆ ಇದು ಜಾಲತಾಣದಲ್ಲಿ ಹುಟ್ಟಿ ಜಾಲತಾಣದಲ್ಲೇ ಮುಗಿದ ಒಂದು ಫ್ಯಾಷನ್ ಅಲೆ ಅನ್ನಿಸುತ್ತದೆ. ಆದರೆ ಆ ಹುಡುಗಿಯರು ತೊಟ್ಟ ಬಟ್ಟೆಯನ್ನು ಒಂದೊಂದಾಗಿ ಎತ್ತಿ ನೋಡಿದರೆ ಬೇರೆ ಚರಿತ್ರೆ ತೆರೆದುಕೊಳ್ಳುತ್ತದೆ. ಆ ನೆರಿಗೆ, ಆ ಹೂವಿನ ಅಚ್ಚು, ಮಾಸಲು ಬಿಳಿಯ ಆ ಕೋರಾ ಬಟ್ಟೆ ಯಾವುದೂ 2006ರಲ್ಲಿ ಹುಟ್ಟಿದ್ದಲ್ಲ. ಅವಕ್ಕೆ ಮೂರೂವರೆ ದಶಕಗಳ ಹಿನ್ನೆಲೆ ಇತ್ತು. ಅಷ್ಟು ಕಾಲ ಬೇರೆಬೇರೆ ಬ್ರ್ಯಾಂಡ್‌ಗಳು, ಬೇರೆಬೇರೆ ಉದ್ದೇಶಕ್ಕಾಗಿ, ಒಂದರ ಅರಿವು ಇನ್ನೊಂದಕ್ಕಿಲ್ಲದೆ ಕೂಡಿಟ್ಟ ಸಾಮಗ್ರಿ ಅದು. ಹಾಗಾದರೆ ಒಂದು ಉಡುಗೆಯ ಶೈಲಿಯನ್ನು ನಿಜಕ್ಕೂ ಕಟ್ಟಿದವರು ಯಾರು? ಹೆಸರಿಟ್ಟವರೇ, ಮಾರಿದವರೇ, ತೊಟ್ಟವರೇ, ಬಟ್ಟೆ ನೇಯ್ದವರೇ? ಈ ಪ್ರಶ್ನೆ ಹಿಡಿದು ಮೊರಿ ಗರ್ಲ್‌ನ ಹಿಂದಿದ್ದ ಬ್ರ್ಯಾಂಡ್‌ಗಳನ್ನು ಸಾಲಾಗಿ ನೋಡುವುದು ಈ ಲೇಖನದ ಉದ್ದೇಶ.

ಉಡುಗೆಯ ಒಳಗಟ್ಟು

ಮೊದಲು ಉಡುಗೆಯನ್ನೇ ಹತ್ತಿರದಿಂದ ನೋಡೋಣ. ಮೊರಿ ಗರ್ಲ್ ಉಡುಗೆಯ ಆಧಾರ ಒಂದು ಸಡಿಲವಾದ ಫ್ರಾಕು. ಎದೆಯ ಮೇಲ್ಭಾಗದಿಂದಲೋ ಭುಜದಿಂದಲೋ ನೇರವಾಗಿ ಕೆಳಗಿಳಿದು ಅಗಲವಾಗುತ್ತದೆ, ಸೊಂಟವನ್ನು ಬಿಗಿಯುವುದಿಲ್ಲ. ಎದೆಯ ಮೇಲೆ ಬೆರಳಗಲದ ಜಾಗದಲ್ಲಿ ಐದಾರು ಸಣ್ಣ ಮಡಿಕೆ ಹೊಲಿಗೆ. ಫ್ರಾಕಿನ ಕೆಳಗೆ ಒಳಲಂಗ, ಅದರ ಲೇಸಿನ ಅಂಚು ಬೇಕೆಂದೇ ಎರಡು ಬೆರಳು ಹೊರಗೆ ಕಾಣಬೇಕು. ಮೇಲೆ ಕೈಯಲ್ಲಿ ಹೆಣೆದಂಥ ಉಣ್ಣೆಯ ಕಾರ್ಡಿಗನ್, ಅದರ ಮೇಲೆ ಶಾಲು ಇಲ್ಲವೇ ತೋಳಿಲ್ಲದ ಮೇಲುಹೊದಿಕೆ. ಕಾಲಿಗೆ ದಪ್ಪ ಕಾಲುಚೀಲ, ಗುಂಡು ಮೂತಿಯ ಚಪ್ಪಟೆ ಚರ್ಮದ ಬೂಟು. ಕತ್ತಿನಲ್ಲಿ ಹಳೆಯ ಕೀಲಿಯಂಥದೋ ಹಕ್ಕಿಯಂಥದೋ ಪದಕ.

ಬಣ್ಣಗಳು ಕಡಿಮೆ: ಬಿಳಿಚಿಸದ ಹತ್ತಿಯ ಬಣ್ಣ, ಪಾಚಿಯ ಹಸಿರು, ಒಣ ಎಲೆಯ ಕಂದು, ಗಾಢ ನೀಲಿ, ದ್ರಾಕ್ಷಾರಸದ ಕೆಂಪು. ಬಣ್ಣ ಕಡಿಮೆಯಾದಾಗ ಕಣ್ಣು ಬಟ್ಟೆಯ ಮೈಗೆ ಹೋಗುತ್ತದೆ. ಒಗೆದು ಮೆತ್ತಗಾದ ಲಿನನ್‌ನ ಸುಕ್ಕು, ಲೇಸಿನ ತೂತು, ಉಣ್ಣೆಯ ಒರಟುತನ, ಎರಡು ತೆಳು ಪದರ ಸೇರಿಸಿ ನೇಯ್ದ ‘ಡಬಲ್ ಗಾಜ್’ ಹತ್ತಿಯ ಹಗುರತೆ ಇವೆಲ್ಲ ಒಂದರ ಪಕ್ಕ ಒಂದು ಬರುತ್ತವೆ. ಡಬಲ್ ಗಾಜ್ ಮುಟ್ಟಿದರೆ, ಹತ್ತಾರು ಸಲ ಒಗೆದು ಹದಗೊಂಡ ಹಳೆಯ ಮಲ್ ಸೀರೆಯಿಂದ ಮಾಡಿದ ಕೂಸಿನ ಬಟ್ಟೆ ನೆನಪಾಗುತ್ತದೆ. ಇಲ್ಲಿ ಕಾಡು ಎನ್ನುವುದು ಎಲೆ, ಮರದ ಚಿತ್ರಕ್ಕಿಂತ ಹೆಚ್ಚಾಗಿ ಪದರಗಳಲ್ಲಿದೆ. ಒಂದರ ಮೇಲೊಂದು ಬೀಳುವ ನಾರಿನ ವಸ್ತುಗಳು, ಅವುಗಳ ನಡುವಿನ ನೆರಳು, ದೇಹದ ಸುತ್ತ ಉಳಿಯುವ ಗಾಳಿ ಸೇರಿ ಆ ಭಾವ ಹುಟ್ಟುತ್ತದೆ.

ಅಂದರೆ ಈ ಉಡುಗೆಗೆ ನಾಲ್ಕು ಸಂಗತಿ ಬೇಕು: ಸಡಿಲ ಆಕಾರ, ನೈಸರ್ಗಿಕ ನಾರು, ಕಥೆ ಹೇಳುವ ಅಚ್ಚು ಅಥವಾ ಕಸೂತಿ, ಮತ್ತು ಹಳತು ಹೊಸತನ್ನು ಬೆರೆಸುವ ಸ್ವಾತಂತ್ರ್ಯ. ಈ ನಾಲ್ಕೂ ಜಪಾನಿಗೆ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಬಾಗಿಲಿನಿಂದ ಬಂದವು.

ಎಪ್ಪತ್ತರ ದಶಕ: ಹೂವಿನ ಅಚ್ಚು, ಹಳ್ಳಿಯ ಲಂಗ

ಮೊದಲ ಬಾಗಿಲು ತೆರೆದದ್ದು ಪ್ಯಾರಿಸ್‌ನಲ್ಲಿ. ಟೋಕಿಯೊದ ಬುಂಕಾ ಫ್ಯಾಷನ್ ಕಾಲೇಜಿನಲ್ಲಿ ಕಲಿತ ಕೆಂಜೊ ತಕಾಡಾ 1970ರಲ್ಲಿ ಪ್ಯಾರಿಸ್‌ನ ಗ್ಯಾಲರಿ ವಿವಿಯೆನ್‌ನಲ್ಲಿ ಸಣ್ಣ ಅಂಗಡಿ ತೆರೆದರು. ಅದರ ಗೋಡೆಯ ಮೇಲೆ ಫ್ರೆಂಚ್ ಚಿತ್ರಕಾರ ಆನ್ರಿ ರೂಸೊನ ಚಿತ್ರಗಳಿಂದ ಪ್ರೇರಿತವಾದ ಕಾಡು ಬರೆಯಲಾಗಿತ್ತು. ಕೈಯಲ್ಲಿ ದುಡ್ಡು ಕಡಿಮೆ. ಮೊಂಮಾರ್ತ್ರ್‌ನ ಸಂತೆಯಲ್ಲಿ ಸಿಕ್ಕ ಅಗ್ಗದ ತುಂಡುಬಟ್ಟೆಗಳನ್ನು, ಹೂವಿಗೆ ಹೂವು ತಾಗುವಂತೆ, ಚೌಕುಳಿಯ ಪಕ್ಕ ಗೆರೆ ಬರುವಂತೆ ಜೋಡಿಸಿ ಹೊಲಿದರು. ನಾನಾ ದೇಶಗಳ ಹಳ್ಳಿಗರ ಉಡುಪಿನ ಅಗಲ, ಸಡಿಲ ಅವರ ಕೈಯಲ್ಲಿ ಪೇಟೆಯ ಉಡುಪಾಯಿತು. ಒಂದು ಅಚ್ಚಿನ ಪಕ್ಕ ಇನ್ನೊಂದು ಅಚ್ಚು ಬರಬಹುದು ಎಂಬ ಧೈರ್ಯವನ್ನು ಜಪಾನಿನ ಹುಡುಗಿಯರಿಗೆ ಕೊಟ್ಟವರಲ್ಲಿ ಕೆಂಜೊ ಮುಖ್ಯರು.

ಕೆಂಜೊ ಅವರ ಸಹಪಾಠಿಯಾಗಿದ್ದವರು ಕಾನೆಕೊ ಇಸಾವೊ. ಮೊರಿ ಗರ್ಲ್‌ನ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ದಪ್ಪನೆಯ ಬೇರು ಅವರದು. 1970ರ ದಶಕದ ಆರಂಭದಲ್ಲಿ ಅವರು ‘ಪಿಂಕ್ ಹೌಸ್’ ಬ್ರ್ಯಾಂಡ್ ಶುರುಮಾಡಿದರು. 1982ರಲ್ಲಿ ಅದು ಸ್ವತಂತ್ರ ಕಂಪನಿಯಾಯಿತು. ಹತ್ತಿಯ ಉದ್ದ ಲಂಗ, ಅದರ ಮೇಲೆ ಏಪ್ರನ್, ಅದರ ಮೇಲೆ ಬ್ಲೌಸ್, ಎಲ್ಲಕ್ಕೂ ಫ್ರಿಲ್. ಅಚ್ಚಿನಲ್ಲಿ ಗುಲಾಬಿ, ಸ್ಟ್ರಾಬೆರಿ, ಗೊಂಬೆ ಕರಡಿ. ಅಚ್ಚುಗಳನ್ನು ಅವರು ತಮ್ಮ ಬಟ್ಟೆಗೆಂದೇ ಬಿಡಿಸಿ ಹಾಕಿಸುತ್ತಿದ್ದರು. ಪಿಂಕ್ ಹೌಸ್ ಉಟ್ಟವರು ಸಾಮಾನ್ಯವಾಗಿ ಅಡಿಯಿಂದ ಮುಡಿಯವರೆಗೆ ಅದನ್ನೇ ಉಡುತ್ತಿದ್ದರು, ವಯಸ್ಸಾದ ಮೇಲೂ ಬಿಡುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು ನೋಡುವವರ ಇಷ್ಟಕ್ಕಾಗಿ ಉಡದೆ ತನ್ನದೇ ಲೋಕವೊಂದನ್ನು ಉಟ್ಟುಕೊಂಡು ಓಡಾಡಬಹುದು ಎಂದು ಜಪಾನಿನ ಬೀದಿ ಕಲಿತದ್ದರಲ್ಲಿ ಈ ಬ್ರ್ಯಾಂಡಿನ ಪಾಲು ದೊಡ್ಡದು.

ಅದೇ ಕಾಲಕ್ಕೆ ಓದುವ ಅಭ್ಯಾಸವೂ ಬದಲಾಯಿತು. 1970ರಲ್ಲಿ ‘ಆನ್ಆನ್’, 1971ರಲ್ಲಿ ‘ನಾನ್‌ನೊ’ ಎಂಬ ಬಣ್ಣದ ಪತ್ರಿಕೆಗಳು ಹೊರಟವು. ಕಾನೆಕೊ ಅವರ ಬಟ್ಟೆ ತೊಟ್ಟು ‘ಆನ್ಆನ್’ನಲ್ಲಿ ಕಾಣಿಸಿಕೊಂಡವರು ಅವರ ಪತ್ನಿ, ರೂಪದರ್ಶಿ ತಾಚಿಕಾವಾ ಯೂರಿ. ಜಪಾನಿನ ರಾಷ್ಟ್ರೀಯ ರೈಲ್ವೆ 1970ರಲ್ಲಿ ‘ಡಿಸ್ಕವರ್ ಜಪಾನ್’ ಎಂಬ ಪ್ರವಾಸ ಪ್ರಚಾರ ಆರಂಭಿಸಿತು. ಈ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ಯುವತಿಯರು ಕ್ಯೋಟೊ, ಕುರಾಶಿಕಿಯಂಥ ಹಳೆಯ ಊರುಗಳಿಗೆ ತಾವಾಗಿ ಪ್ರವಾಸ ಹೊರಟರು. ಅವರಿಗೆ ‘ಆನ್‌ನಾನ್ ಬಳಗ’ ಎಂದೇ ಹೆಸರು ಬಿತ್ತು. ಗಂಡನೋ ಅಪ್ಪನೋ ಜೊತೆಗಿಲ್ಲದೆ, ಹಳೆಯ ಬೀದಿಯಲ್ಲಿ ಹೂವಿನ ಲಂಗ ಉಟ್ಟು ನಿಧಾನವಾಗಿ ನಡೆಯುವ ಹುಡುಗಿಯ ಚಿತ್ರ ಜನಮನದಲ್ಲಿ ಮೂಡಿದ್ದು ಆಗ. ಕ್ಯಾಮೆರಾ ಹಿಡಿದ ಮೊರಿ ಗರ್ಲ್ ಅವಳ ಮುಂದಿನ ಪೀಳಿಗೆ.

ಈ ಹೊತ್ತಿನಲ್ಲೇ ಓಕಾವಾ ಹಿತೊಮಿ 1970ರಲ್ಲಿ ಟೋಕಿಯೊದ ಹರಾಜುಕುವಿನಲ್ಲಿ ‘ಮಿಲ್ಕ್’ ಅಂಗಡಿ ತೆರೆದರು. ಅದರ ಹಾದಿ ಮುಂದೆ ಫ್ರಿಲ್, ಲೇಸು ತುಂಬಿದ ‘ಲೊಲಿತಾ’ ಉಡುಗೆಯ ಕಡೆಗೆ ಹೆಚ್ಚು ವಾಲಿತು. ಆದರೂ ಮಕ್ಕಳ ಉಡುಪಿನ ಮುದ್ದುತನವನ್ನು ದೊಡ್ಡವರ ಉಡುಪಿಗೆ ತಂದ ಮೊದಲಿಗರಲ್ಲಿ ಅದೂ ಒಂದು.

ಇಂಗ್ಲೆಂಡಿನ ಕಡೆಯಿಂದ ಬಂದ ಪ್ರಭಾವ ಲಾರಾ ಆಶ್ಲಿಯದು. ವೇಲ್ಸ್‌ನ ಹಳ್ಳಿಗಾಡಿನಲ್ಲಿ ಬೆಳೆದ ಆ ಕಂಪನಿ ಸಣ್ಣ ಹೂವಿನ ಹತ್ತಿಯ ಉದ್ದ ಗೌನುಗಳಿಗೆ ಹೆಸರಾಗಿತ್ತು. 1980ರ ದಶಕದ ನಡುವಿನಲ್ಲಿ ಅದು ಜಪಾನಿಗೆ ಬಂದು ದಶಕಗಳ ಕಾಲ ನೆಲೆನಿಂತಿತು. ಲಂಡನ್ನಿನ ಲಿಬರ್ಟಿಯ ಹೂವಿನ ತೆಳು ಹತ್ತಿಯೂ ಜಪಾನಿನಲ್ಲಿ ಬೇರೂರಿತು. ಮನೆಯಲ್ಲಿ ಹೊಲಿಯುವವರು ಅದನ್ನು ಮೀಟರ್ ಲೆಕ್ಕದಲ್ಲಿ ಕೊಂಡು ತಾವೇ ಫ್ರಾಕು ಮಾಡಿಕೊಂಡರು.

‘ಆಲಿವ್’ ಓದಿ ಬೆಳೆದವರು

1982ರಲ್ಲಿ ಹುಟ್ಟಿದ ‘ಆಲಿವ್’ ಪತ್ರಿಕೆಯನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ಫ್ರಾನ್ಸಿನ ಹೈಸ್ಕೂಲು ಹುಡುಗಿಯರ ಉಡುಪನ್ನು ಅದು ಮಾದರಿಯಾಗಿ ಮುಂದಿಟ್ಟಿತು: ಅಣ್ಣನ ಕೋಟು, ಅಜ್ಜಿಯ ಬ್ಲೌಸು, ಸಂತೆಯಲ್ಲಿ ಸಿಕ್ಕ ಬುಟ್ಟಿ. ದುಬಾರಿ ಬ್ರ್ಯಾಂಡ್ ಕೊಳ್ಳುವುದಕ್ಕಿಂತ ಇರುವುದನ್ನು ಬೆರೆಸಿ ಉಡುವ ಜಾಣ್ಮೆ ದೊಡ್ಡದು ಎಂದು ಅದು ಪದೇಪದೇ ಹೇಳಿತು. ಉಡುಪಿನ ಪಕ್ಕದಲ್ಲೇ ಕಪ್ಪು ಬಸಿ, ಡಬ್ಬ, ನೋಟುಪುಸ್ತಕದಂಥ ಸಣ್ಣ ಸಾಮಾನುಗಳೂ ಇದ್ದವು. ಬಟ್ಟೆ ಮತ್ತು ಬದುಕಿನ ರೀತಿ ಒಂದೇ ಎಂಬ ತಿಳಿವಳಿಕೆ ಇಲ್ಲಿಂದ ಹಬ್ಬಿತು. 2003ರಲ್ಲಿ ‘ಆಲಿವ್’ ನಿಂತರೂ ಅದರ ಓದುಗರು ‘ಆಲಿವ್ ಹುಡುಗಿಯರು’ ಎಂದೇ ಗುರುತಿಸಿಕೊಂಡರು.

1985ರಲ್ಲಿ ಆರಂಭವಾದ ‘ಜೇನ್ ಮಾರ್ಪಲ್’ ಇದೇ ಕಾಲದ್ದು. ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಮುದುಕಿಯ ಹೆಸರು ಹೊತ್ತ ಈ ಬ್ರ್ಯಾಂಡ್ ಇಂಗ್ಲಿಷ್ ಹಳ್ಳಿಯ ಕಲ್ಪನೆಯನ್ನು ಚೊಕ್ಕ ಕತ್ತರಿಕೆಯ ಉಡುಪಿನಲ್ಲಿ ತಂದಿತು. ಪಿಂಕ್ ಹೌಸ್‌ನಲ್ಲಿ ಉಕ್ಕಿ ಹರಿಯುತ್ತಿದ್ದದ್ದು ಇಲ್ಲಿ ಒಂದು ದಡ ಕಂಡುಕೊಂಡಿತು.

2003ರಲ್ಲಿ ‘ಕುನೆಲ್’ ಸ್ವತಂತ್ರ ಪತ್ರಿಕೆಯಾಗಿ ಬಂತು. ‘ಆಲಿವ್’ ಓದಿ ಬೆಳೆದು ಈಗ ಮನೆ ನಡೆಸುತ್ತಿದ್ದವರಿಗೆ ಅದು ರೊಟ್ಟಿ, ಜಾಮು, ಹೊಲಿಗೆ, ಊರಿನ ಅಜ್ಜಿಯ ಅಡುಗೆಮನೆ ಇವುಗಳನ್ನು ಗಂಭೀರ ವಿಷಯವಾಗಿ ಬರೆಯಿತು. ನಂತರ ಬಂದ ‘ಲಿನ್ನೆಲ್’ ಈ ನಾರಿನ ಬಟ್ಟೆಯ ಬದುಕನ್ನು ಇನ್ನೂ ಅಗಲವಾದ ಓದುಗ ವರ್ಗಕ್ಕೆ ತಲುಪಿಸಿತು. ‘ಲಿನ್ನೆಲ್’ ಬರುವ ಮೊದಲೇ, 2006ರ ಹೊತ್ತಿಗೆ, ಮೂರೂವರೆ ದಶಕದ ಉಡುಪು ಅಕ್ಕಂದಿರ, ಅಮ್ಮಂದಿರ ಪೆಟ್ಟಿಗೆಗಳಲ್ಲಿ ಮತ್ತು ಹಳೆಬಟ್ಟೆ ಅಂಗಡಿಗಳಲ್ಲಿ ಸೇರಿತ್ತು. ಕಾಡಿನ ಹುಡುಗಿಯ ಉಡುಪಿನಲ್ಲಿ ಕೊಂಡದ್ದರಷ್ಟೇ ಪಡೆದದ್ದೂ ಇತ್ತು.

ಇಪ್ಪತ್ತೈದು ಚುಕ್ಕೆಗಳ ವರ್ತುಲ

ಈ ಸಾಲಿನಲ್ಲಿ ಒಂದು ಬ್ರ್ಯಾಂಡನ್ನು ನಿಂತು ನೋಡಬೇಕು. ಮಿನಾಗಾವಾ ಅಕಿರಾ 1995ರಲ್ಲಿ ‘ಮಿನಾ’ ಆರಂಭಿಸಿದರು. 2003ರಿಂದ ಅದು ‘ಮಿನಾ ಪೆರ್ಹೊನೆನ್’. ಎರಡೂ ಫಿನ್ಲೆಂಡಿನ ಭಾಷೆಯ ಪದಗಳು. ಆ ದೇಶಕ್ಕೆ ಅವರು ಯೌವನದಿಂದಲೂ ಹೋಗಿಬರುತ್ತಿದ್ದರು. ಬಟ್ಟೆ ಮಾರಾಟದಿಂದ ಹೊಟ್ಟೆ ತುಂಬದ ಆರಂಭದ ದಿನಗಳಲ್ಲಿ ಬೆಳಗಿನ ಜಾವ ಮೀನು ಮಾರುಕಟ್ಟೆಯಲ್ಲಿ ದುಡಿದು, ಮಧ್ಯಾಹ್ನದ ಮೇಲೆ ಬಟ್ಟೆಯ ಕೆಲಸ ಮಾಡುತ್ತಿದ್ದರು.

ಅವರ ‘ಟ್ಯಾಂಬರೀನ್’ ಎಂಬ ಕಸೂತಿ ವಿನ್ಯಾಸ ಹತ್ತಿರದಿಂದ ನೋಡುವಂಥದು. ಇಪ್ಪತ್ತೈದು ಸಣ್ಣ ಚುಕ್ಕೆಗಳು ಸೇರಿ ಒಂದು ವರ್ತುಲ. ಅಂಥ ವರ್ತುಲಗಳು ಬಟ್ಟೆಯ ತುಂಬ. ದೂರದಿಂದ ಅಚ್ಚುಕಟ್ಟಾದ ಸಾಲು. ಕಣ್ಣಿನ ಹತ್ತಿರ ತಂದರೆ ಒಂದು ಚುಕ್ಕೆ ಇನ್ನೊಂದರ ಹಾಗಿಲ್ಲ: ಒಂದು ತುಸು ಉದ್ದ, ಒಂದು ತುಸು ಕುಬ್ಜ, ನಡುವಿನ ಅಂತರವೂ ಸಮವಲ್ಲ. ಕೈಯಲ್ಲಿ ಬಿಡಿಸಿದ ಚಿತ್ರದ ಆ ಏರುಪೇರನ್ನು ಯಂತ್ರದ ಕಸೂತಿ ಹಾಗೇ ಉಳಿಸಿಕೊಳ್ಳುವಂತೆ ಕಾರ್ಖಾನೆಯ ಕುಶಲಿಗರ ಜೊತೆ ಕೂತು ಮಾಡಿದ ಕೆಲಸ ಅದು. ದಾರ ಗುಡ್ಡೆಯಾಗಿ ಮೇಲೆದ್ದು ನಿಲ್ಲುವುದರಿಂದ ಬೆರಳಿಗೂ ಚುಕ್ಕೆ ಸಿಗುತ್ತದೆ. ಯಾವ ಮರವನ್ನೂ ಯಾವ ಹಕ್ಕಿಯನ್ನೂ ಈ ವಿನ್ಯಾಸ ತೋರಿಸುವುದಿಲ್ಲ. ಆದರೂ ಎರಡು ಎಲೆ ಒಂದೇ ಥರ ಇರುವುದಿಲ್ಲ ಎಂಬ ಪ್ರಕೃತಿಯ ಗುಣವನ್ನು ಬಟ್ಟೆಯ ಕಟ್ಟಿನೊಳಗೇ ಹಿಡಿದಿದೆ.

ಮಿನಾ ಪೆರ್ಹೊನೆನ್ ಮೊರಿ ಗರ್ಲ್‌ಗಾಗಿ ಏನನ್ನೂ ಮಾಡಲಿಲ್ಲ. ಅದರ ಬೆಲೆ ಕಾಲೇಜು ಹುಡುಗಿಯರ ಕೈಗೆ ಎಟುಕುವಂಥದೂ ಅಲ್ಲ. ಆದರೆ ಹಕ್ಕಿ, ಚಿಟ್ಟೆ, ಕಾಡಿನ ಮೆರವಣಿಗೆಯ ಅದರ ಕಸೂತಿಗಳು ಪತ್ರಿಕೆಗಳ ಮೂಲಕ ಇಡೀ ಪೀಳಿಗೆಯ ಕಣ್ಣನ್ನು ತಿದ್ದಿದವು. ಹೊಸ ಋತು ಬಂತೆಂದು ಹಳೆಯ ಬಟ್ಟೆಯನ್ನು ಅರ್ಧ ಬೆಲೆಗೆ ಹರಾಜು ಹಾಕುವ ರೂಢಿಯಿಂದಲೂ ಅದು ದೂರ ಉಳಿಯಿತು. 2019ರ ನವೆಂಬರಿನಿಂದ ಟೋಕಿಯೊದ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ಅದರ ದೊಡ್ಡ ಪ್ರದರ್ಶನ ನಡೆದಾಗ, ‘ಕಾಡು’ ಎಂಬ ಹೆಸರಿನ ಕೋಣೆಯಲ್ಲಿ ಇಪ್ಪತ್ತೈದು ವರ್ಷದ ನೂರಾರು ಉಡುಪುಗಳನ್ನು ವರ್ಷದ ಲೆಕ್ಕವಿಲ್ಲದೆ ಬೆರೆಸಿ ನಿಲ್ಲಿಸಿದ್ದರು. ಯಾವುದು ಹಳತು, ಯಾವುದು ಹೊಸತು ಎಂದು ಹೇಳಲಾಗದ ಹಾಗೆ ಅವು ನಿಂತಿದ್ದವು. ‘ಮಣ್ಣು’ ಎಂಬ ಇನ್ನೊಂದು ಭಾಗದಲ್ಲಿ ಸಾಮಾನ್ಯ ಜನ ವರ್ಷಗಟ್ಟಲೆ ತೊಟ್ಟ ಉಡುಪುಗಳನ್ನು ಅವರವರ ನೆನಪಿನ ಬರಹದ ಜೊತೆ ಇಟ್ಟಿದ್ದರು.

ಮಾಲ್‌ಗೆ ಬಂದ ಕಾಡು

ಹುಡುಗಿಯರು ದಿನವೂ ಕೊಂಡದ್ದು ಮಾತ್ರ ರೈಲು ನಿಲ್ದಾಣದ ಮೇಲಿನ ಮಳಿಗೆಗಳಲ್ಲಿ, ಊರ ಹೊರಗಿನ ಮಾಲ್‌ಗಳಲ್ಲಿ. ಇಲ್ಲಿ ಟೋಕಿಯೊದ ಆಚೆಯ ಊರುಗಳಿಂದ ಬಂದ ಕಂಪನಿಗಳ ಕೆಲಸ ದೊಡ್ಡದು. ಇಬಾರಾಕಿಯ ಮಿತೊ ಎಂಬ ಊರಿನಲ್ಲಿ 1953ರಲ್ಲಿ ಗಂಡಸರ ಬಟ್ಟೆ ಅಂಗಡಿಯಾಗಿ ಆರಂಭವಾದ ವ್ಯಾಪಾರವೇ ಬೆಳೆದು ‘ಪಾಯಿಂಟ್’ ಕಂಪನಿಯಾಯಿತು. ಅದರ ‘ಲೌರೀಸ್ ಫಾರ್ಮ್’ 1992ರಲ್ಲಿ ಹುಟ್ಟಿತು. ಹೆಣಿಗೆ ಉಡುಪು, ಸಡಿಲ ಟ್ಯೂನಿಕ್, ಬೂಟಿನ ಜೊತೆ ಒಪ್ಪುವ ಲಂಗಗಳನ್ನು ವಿದ್ಯಾರ್ಥಿನಿಯರ ಕೈಗೆಟುಕುವ ಬೆಲೆಗೆ ಅದು ಕೊಟ್ಟಿತು. ‘ಸ್ಟುಡಿಯೊ ಕ್ಲಿಪ್’ ಬಟ್ಟೆಯ ಜೊತೆ ಪಾತ್ರೆ, ಏಪ್ರನ್, ಬುಟ್ಟಿಗಳನ್ನೂ ಇಟ್ಟಿತು. ‘ಸಮಂಸಾ ಮೊಸ್ ಮೊಸ್’ ಎಂಬ ಬ್ರ್ಯಾಂಡ್ ಲಿನನ್, ಲೇಸು, ಕೋರಾ ಹತ್ತಿಯನ್ನು ಊರೂರಿನ ಮಾಲ್‌ಗಳಿಗೆ ಒಯ್ದಿತು.

ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ‘ಅರ್ಥ್ ಮ್ಯೂಸಿಕ್ ಅಂಡ್ ಇಕಾಲಜಿ’. ಒಕಾಯಾಮಾ ಊರಿನಲ್ಲಿ ಪುಟ್ಟ ಬಟ್ಟೆ ಅಂಗಡಿಯಿಂದ ಬೆಳೆದ ಕ್ರಾಸ್ ಕಂಪನಿ 1999ರಲ್ಲಿ ಈ ಬ್ರ್ಯಾಂಡ್ ತೆರೆಯಿತು. 2010ರಲ್ಲಿ ನಟಿ ಮಿಯಾಝಾಕಿ ಆಓಯಿ ಅದರ ಟಿವಿ ಜಾಹೀರಾತಿನಲ್ಲಿ ಸಾದಾ ಉಡುಪಿನಲ್ಲಿ ಹಾಡುತ್ತ ಕಾಣಿಸಿಕೊಂಡ ಮೇಲೆ ಅದು ದೇಶದ ಮನೆಮಾತಾಯಿತು. ಒಕಾಯಾಮಾ ಜಪಾನಿನ ಶಾಲಾ ಸಮವಸ್ತ್ರ ಮತ್ತು ಡೆನಿಮ್ ಹೊಲಿಗೆಯ ಕೇಂದ್ರ ಎಂಬುದನ್ನು ಇಲ್ಲಿ ನೆನೆಯಬೇಕು. ರಾಜಧಾನಿಯ ಬೀದಿ ಶೈಲಿಯೆಂದು ಹೊರದೇಶದವರು ಕರೆದ ಉಡುಗೆಯ ಎಷ್ಟೋ ಭಾಗ ಬಂದದ್ದು ಹೀಗೆ ಹೊರಗಿನ ಊರುಗಳ ಅಂಗಡಿಗಳಿಂದ.

ಈ ಬ್ರ್ಯಾಂಡ್‌ಗಳು ಇಲ್ಲದಿದ್ದರೆ ಮೊರಿ ಗರ್ಲ್ ಕೆಲವೇ ಜನರ ಖಯಾಲಿಯಾಗಿ ಉಳಿಯುತ್ತಿತ್ತು. ಸಣ್ಣ ಊರಿನ ಹುಡುಗಿಯೂ ಶನಿವಾರ ಮಾಲ್‌ಗೆ ಹೋಗಿ ಒಂದು ಫ್ರಾಕು ಕೊಂಡು, ಮನೆಯ ಹಳೆಯ ಲೇಸನ್ನು ಅದಕ್ಕೆ ಸೇರಿಸಿಕೊಳ್ಳಲು ದಾರಿ ಮಾಡಿಕೊಟ್ಟದ್ದು ಅವು. ಅವುಗಳ ಈ ಕೊಡುಗೆಯನ್ನು ಕೀಳಾಗಿ ಕಾಣುವುದು ಅನ್ಯಾಯ.

ಆ ಗಳಿಗೆಯೇ ಏಕೆ?

ಸಾಮಗ್ರಿ ಮೊದಲೇ ಇತ್ತು ಎಂದಾದರೆ 2006ರಲ್ಲೇ ಅದು ಒಂದು ರೂಪ ತಾಳಿದ್ದೇಕೆ? ಒಂದು ಉತ್ತರ ಸಿನಿಮಾದಲ್ಲಿದೆ. ಆ ವರ್ಷದ ಮಾರ್ಚಿನಲ್ಲಿ ಓಗಿಗಾಮಿ ನಾವೊಕೊ ನಿರ್ದೇಶಿಸಿದ ‘ಕಾಮೊಮೆ ಶೊಕುದೊ’ ಬಂತು. ಹೆಲ್ಸಿಂಕಿಯಲ್ಲಿ ಊಟದ ಅಂಗಡಿ ನಡೆಸುವ ಜಪಾನಿ ಹೆಂಗಸಿನ ಆ ಕಥೆ ಉತ್ತರ ಯೂರೋಪಿನ ಮೋಹವನ್ನು ಹರಡಿತು. ಜುಲೈನಲ್ಲಿ ಉಮಿನೊ ಚಿಕಾ ಅವರ ಮಾಂಗಾ ಆಧರಿಸಿದ ‘ಹನಿ ಅಂಡ್ ಕ್ಲೋವರ್’ ತೆರೆಕಂಡಿತು. ಅದರಲ್ಲಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿ, ಪದರಪದರದ ಸಡಿಲ ಉಡುಪಿನಲ್ಲಿ ಬಂದ ಆಓಯಿ ಯೂ ಕಾಡಿನ ಹುಡುಗಿಯರ ಆದರ್ಶವಾದರು. ಮಿಕ್ಸಿಯ ಗುಂಪು ಹುಟ್ಟಿದ್ದು ಅದರ ಮರುತಿಂಗಳು.

ಇನ್ನೊಂದು ಉತ್ತರ ಆ ಹೊತ್ತಿನ ಉಡುಪಿನ ವಾತಾವರಣದಲ್ಲಿದೆ. ಆಗ ‘ಕ್ಯಾನ್‌ಕ್ಯಾಮ್’ ಪತ್ರಿಕೆ ಮತ್ತು ಅದರ ರೂಪದರ್ಶಿ ಎಬಿಹಾರಾ ಯೂರಿ ಯಶಸ್ಸಿನ ತುದಿಯಲ್ಲಿದ್ದರು. ಗಂಡಸರ ಮೆಚ್ಚುಗೆ ಗಳಿಸುವ ಉಡುಪು ಯಾವುದು ಎಂಬುದೇ ಅಲ್ಲಿನ ಕೇಂದ್ರ ವಿಚಾರ: ಮೈಗೆ ಒಪ್ಪುವ ಮೇಲಂಗಿ, ಗುಂಗುರು ಕೂದಲು, ಎತ್ತರದ ಹಿಮ್ಮಡಿ. ಕಾಡಿನ ಹುಡುಗಿ ಈ ಲೆಕ್ಕದಿಂದಲೇ ಹೊರನಡೆದಳು. ಸೊಂಟ ಕಾಣದ ಫ್ರಾಕು, ಚಪ್ಪಟೆ ಬೂಟು, ಬಗಲಲ್ಲಿ ಫಿಲ್ಮ್ ಕ್ಯಾಮೆರಾ. ನೋಡಿಸಿಕೊಳ್ಳುವ ಬದಲು ನೋಡಲು ಹೊರಟವಳ ಉಡುಗೆ ಅದು. 2008ರ ಆರ್ಥಿಕ ಕುಸಿತದಲ್ಲಿ ಗುತ್ತಿಗೆ ನೌಕರರು ಸಾಮೂಹಿಕವಾಗಿ ಕೆಲಸ ಕಳೆದುಕೊಂಡ ದಿನಗಳಲ್ಲಿ, ನಿಧಾನವಾಗಿ, ಸಣ್ಣ ಸಂತೋಷಗಳಲ್ಲಿ ಬದುಕುವ ಈ ಕನಸಿಗೆ ಇನ್ನಷ್ಟು ಬಲ ಬಂತು.

ಇದನ್ನು ಪಲಾಯನ ಎಂದು ಜರೆದವರಿದ್ದಾರೆ. ನಗರದ ಹುಡುಗಿಯರು ಮಾಲ್‌ನಲ್ಲಿ ಕೊಂಡ ಕಾಡು ನಿಜವಾದ ಕಾಡಿಗೇನು ಮಾಡಿತು ಎಂಬ ಪ್ರಶ್ನೆಯೂ ಇದೆ. ಪ್ರಶ್ನೆ ನ್ಯಾಯವಾದದ್ದೇ. ಬ್ರ್ಯಾಂಡಿನ ಹೆಸರಿನಲ್ಲಿ ಭೂಮಿ, ಪರಿಸರ ಎಂದಿದ್ದ ಮಾತ್ರಕ್ಕೆ ಬಟ್ಟೆ ಭೂಮಿಗೆ ಹಗುರವಾಗುವುದಿಲ್ಲ. ಆದರೆ ಲಕ್ಷಾಂತರ ಹದಿಹರೆಯದವರ ಮೇಲೆ ಮೈಕಟ್ಟಿನ ಒತ್ತಡ ಹೇರುವ ಮಾರುಕಟ್ಟೆಯ ನಡುವೆ, ಆ ಒತ್ತಡವಿಲ್ಲದ ಉಡುಗೆಯೊಂದನ್ನು ಹುಡುಗಿಯರು ತಾವೇ ಕಟ್ಟಿಕೊಂಡದ್ದು ಸಣ್ಣ ಸಂಗತಿಯಲ್ಲ. ಅದನ್ನು ನಾನು ಓಡಿಹೋಗುವಿಕೆ ಎನ್ನಲಾರೆ.

ಹೆಸರು ಮಾಸಿದ್ದು ಹೇಗೆ?

ಇಳಿತ ಆರಂಭವಾದದ್ದು ಏರಿಕೆಯ ಹೊತ್ತಿನಲ್ಲೇ. 2008ರ ಸೆಪ್ಟೆಂಬರಿನಲ್ಲಿ ಅಗ್ಗದ ಉಡುಪಿನ ವಿದೇಶಿ ಕಂಪನಿ ಎಚ್ ಅಂಡ್ ಎಮ್ ಟೋಕಿಯೊದ ಗಿಂಝಾದಲ್ಲಿ ಜಪಾನಿನ ಮೊದಲ ಅಂಗಡಿ ತೆರೆಯಿತು. 2009ರ ಏಪ್ರಿಲಿನಲ್ಲಿ ಅಂಥದೇ ಫಾರೆವರ್ 21 ಹರಾಜುಕುವಿಗೆ ಬಂತು. ಆ ವರ್ಷ ಜಪಾನಿನ ಪ್ರಮುಖ ಹೊಸ ಪದಗಳ ಪಟ್ಟಿಯಲ್ಲಿ ‘ಫಾಸ್ಟ್ ಫ್ಯಾಷನ್’ ಸ್ಥಾನ ಪಡೆಯಿತು. ಬಟ್ಟೆಯ ಬೆಲೆಯ ನಿರೀಕ್ಷೆಯೇ ಕುಸಿಯಿತು. ಲಿನನ್ ಫ್ರಾಕಿನ ಆಕಾರವನ್ನು ಪಾಲಿಯೆಸ್ಟರ್‌ನಲ್ಲಿ, ಕಸೂತಿಯ ಹಕ್ಕಿಯನ್ನು ಅಗ್ಗದ ಅಚ್ಚಿನಲ್ಲಿ ತರುವುದು ಸುಲಭ.

ಹೆಸರೂ ಭಾರವಾಯಿತು. ಪತ್ರಿಕೆಗಳು ‘ಮೊರಿ ಗರ್ಲ್ ಆಗುವುದು ಹೇಗೆ’ ಎಂದು ಪಾಠ ಹೇಳತೊಡಗಿದಾಗ, ಗೆಳತಿಯರ ನಡುವಿನ ಗುರುತು ಮಾರಾಟದ ಚೀಟಿಯಾಯಿತು. 2010ರ ಸುಮಾರಿಗೆ ನಿಜವಾದ ಬೆಟ್ಟ ಹತ್ತುವ ‘ಯಾಮಾ ಗರ್ಲ್’ ಸುದ್ದಿಯಾದಳು. ಗಾಢವಾದ, ಹಳೆಯ ಯೂರೋಪಿನ ಗೊಂಬೆಯಂಥ ‘ಡಾಲಿ’ ಶೈಲಿಯ ಕಡೆಗೆ ಕೆಲವರು ಹೊರಳಿದರು. ಶಿಬುಯಾದ ‘ಗ್ರಿಮುವಾರ್’ ಹಳೆಬಟ್ಟೆ ಅಂಗಡಿ ಅದರ ತವರಾಯಿತು. ದಶಕದ ನಡುವಿನಲ್ಲಿ ಸಾದಾ ಶರಟು, ಸಾದಾ ಪ್ಯಾಂಟಿನ ‘ನಾರ್ಮ್‌ಕೋರ್’ ಬಂದು ಪದರಗಳನ್ನೇ ಕಳಚಿತು.

ಜೊತೆಗಿದ್ದ ಪ್ರಭಾವಗಳೂ ಒಂದೊಂದಾಗಿ ಬದಲಾದವು. 2016ರ ಆರಂಭದಲ್ಲಿ ‘ಕುನೆಲ್’ ತನ್ನ ರೂಪ, ಓದುಗ ವರ್ಗ ಎರಡನ್ನೂ ಬದಲಿಸಿದಾಗ ಹಳೆಯ ಓದುಗರು ನೊಂದು ಬಹಿರಂಗವಾಗಿಯೇ ಪ್ರತಿಭಟಿಸಿದರು. 1997ರಿಂದ ಹರಾಜುಕುವಿನ ಬೀದಿ ಉಡುಪನ್ನು ದಾಖಲಿಸುತ್ತಿದ್ದ ‘ಫ್ರೂಟ್ಸ್’ ಪತ್ರಿಕೆ 2017ರಲ್ಲಿ ನಿಂತಿತು. ಲಾರಾ ಆಶ್ಲಿಯ ಜಪಾನಿ ಅಂಗಡಿಗಳು 2018ರಲ್ಲಿ ಬಾಗಿಲು ಹಾಕಿದವು. 2020ರ ಮಾರ್ಚಿನಲ್ಲಿ ಬ್ರಿಟನ್ನಿನ ಮೂಲ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಆ ತಿಂಗಳಿನಿಂದಲೇ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತ ಜಗತ್ತಿನ ಯುವಜನ ‘ಕಾಟೇಜ್‌ಕೋರ್’ ಎಂಬ ಹೆಸರಿನಲ್ಲಿ ಹೂವಿನ ಫ್ರಾಕು, ಬುಟ್ಟಿ, ರೊಟ್ಟಿ ಬೇಯಿಸುವ ಚಿತ್ರಗಳನ್ನು ಹಂಚಿಕೊಳ್ಳತೊಡಗಿದರು. ಟಂಬ್ಲರ್ ಮುಂತಾದ ತಾಣಗಳಲ್ಲಿ ಅವರಿಗಿಂತ ಮೊದಲೇ ಮೊರಿ ಗರ್ಲ್ ಚಿತ್ರಗಳನ್ನು ಹೊರದೇಶದ ಅಭಿಮಾನಿಗಳು ಕೂಡಿಹಾಕಿದ್ದರು. ಆ ಉಡುಗೆ ಜಪಾನಿನ ಬೀದಿಯಲ್ಲಿ ವಿರಳವಾದ ಮೇಲೂ ಅಲ್ಲಿ ಜೀವ ಹಿಡಿದಿತ್ತು.

ಉಳಿದದ್ದು ಯಾವುದು?

ಆರಂಭದ ಪ್ರಶ್ನೆಗೆ ಈಗ ಬರಬಹುದು. ಹೆಸರಿಟ್ಟವರಿಗೆ ಸಲ್ಲಬೇಕಾದ ಗೌರವ ಇದೆ. ಚದುರಿದ್ದನ್ನು ಒಂದುಗೂಡಿಸಿದ್ದು ಆ ಹೆಸರು. ತೊಟ್ಟವರ ಪಾಲು ಅದಕ್ಕಿಂತ ದೊಡ್ಡದು. ಪಿಂಕ್ ಹೌಸ್‌ನ ಹಳೆಯ ಲಂಗವನ್ನು ಲೌರೀಸ್ ಫಾರ್ಮ್‌ನ ಹೆಣಿಗೆಯ ಜೊತೆ, ಅಜ್ಜಿಯ ಲೇಸಿನ ಜೊತೆ ಸೇರಿಸುವ ಯೋಚನೆ ಯಾವ ಕಂಪನಿಗೂ ಹೊಳೆದಿರಲಿಲ್ಲ. ಕಂಪನಿಗಳು ಆ ಜೋಡಣೆಯನ್ನೇ ಸಿದ್ಧರೂಪದಲ್ಲಿ ಮಾರಲು ಹೊರಟಾಗ ಅದು ಸತ್ವ ಕಳೆದುಕೊಂಡಿತು.

ಆದರೆ ಕಾಲದ ಪರೀಕ್ಷೆಯಲ್ಲಿ ನಿಂತದ್ದು ಯಾವುದು ಎಂದು ನೋಡಿದರೆ ಉತ್ತರ ಇನ್ನೂ ಸ್ಪಷ್ಟ. ತಮ್ಮದೇ ಬಟ್ಟೆ ಮಾಡಿಸಿದ ಬ್ರ್ಯಾಂಡ್‌ಗಳ ಉಡುಪು ಈಗಲೂ ತೊಡಲ್ಪಡುತ್ತಿದೆ, ಕೈಯಿಂದ ಕೈಗೆ ಹೋಗುತ್ತಿದೆ. ಪಿಂಕ್ ಹೌಸ್‌ನ ಎಪ್ಪತ್ತು ಎಂಬತ್ತರ ದಶಕದ ಹತ್ತಿ ಹಳೆಬಟ್ಟೆ ಅಂಗಡಿಯಲ್ಲಿ ಇನ್ನೂ ಗಿರಾಕಿ ಕಾಣುತ್ತದೆ. ಟ್ಯಾಂಬರೀನ್ ಕಸೂತಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಚಾಲ್ತಿಯಲ್ಲಿದೆ. ಬರೀ ರೂಪವನ್ನು ಅನುಕರಿಸಿದ ಅಗ್ಗದ ಫ್ರಾಕುಗಳು ಕೆಲವು ಒಗೆತಕ್ಕೇ ಆಕಾರ ಕಳೆದುಕೊಂಡವು. ಈ ಉಡುಗೆಯ ಹೂರಣ ಇದ್ದದ್ದು ನೂಲಿನಲ್ಲಿ, ನೇಯ್ಗೆಯಲ್ಲಿ, ಅಚ್ಚಿನಲ್ಲಿ. ಜಪಾನಿನ ನಿಶಿವಾಕಿಯ ಬಣ್ಣದ ನೂಲಿನ ಹತ್ತಿ, ಓಮಿಯ ಲಿನನ್, ಮಿಕಾವಾದ ಪದರದ ಗಾಜ್, ಬಿಶೂವಿನ ಉಣ್ಣೆ: ಇವು ಇಲ್ಲದೆ ಕಾಡಿನ ಹುಡುಗಿ ಇಲ್ಲ. ಇಂಡಿಯಾದ ತೆಳು ಹತ್ತಿ ಮತ್ತು ಕೈಯಚ್ಚಿನ ಬಟ್ಟೆಗೂ ಜಪಾನಿನ ಇಂಥ ಅಂಗಡಿಗಳಲ್ಲಿ ಬಹುಕಾಲದಿಂದ ಜಾಗವಿದೆ.

ಆತಂಕ ಇರುವುದೂ ಇಲ್ಲೇ. 1990ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಉಡುಪಿನ ಸರಿಸುಮಾರು ಅರ್ಧ ಆ ದೇಶದಲ್ಲೇ ತಯಾರಾಗುತ್ತಿತ್ತು. 2010ರ ದಶಕದ ಕೊನೆಗೆ ಆ ಪಾಲು ನೂರಕ್ಕೆ ಮೂರಕ್ಕಿಂತ ಕಡಿಮೆಗೆ ಇಳಿದಿತ್ತು. ಬ್ರ್ಯಾಂಡ್ ಮುಚ್ಚಿದರೆ ಇನ್ನೊಂದು ಹುಟ್ಟಬಹುದು. ಮಗ್ಗ ನಿಂತು, ಅದನ್ನು ನಡೆಸಬಲ್ಲ ಕೈಗಳು ಮುದಿಯಾದರೆ ಆ ಬಟ್ಟೆಯನ್ನು ಮತ್ತೆ ತರುವುದು ಕಷ್ಟ.

ದಾಖಲೆಯ ಕೊರತೆಯೂ ಅಷ್ಟೇ ಗಂಭೀರ. ಹೆಸರಾಂತ ವಿನ್ಯಾಸಕರ ಉಡುಪನ್ನು ಸಂಗ್ರಹಾಲಯಗಳು ಜೋಪಾನ ಮಾಡುತ್ತವೆ. ಮಾಲ್‌ನಲ್ಲಿ ಕೊಂಡು, ಲೇಸು ಸೇರಿಸಿ, ಮೊಣಕೈ ಹರಿದಾಗ ತೇಪೆ ಹಾಕಿ ತೊಟ್ಟ ಫ್ರಾಕನ್ನು ಯಾರು ಎತ್ತಿಡುತ್ತಾರೆ? ಆ ಹುಡುಗಿಯರು ಬರೆದ, ಚಿತ್ರ ಹಾಕಿದ ವೈಯಕ್ತಿಕ ಪುಟಗಳಲ್ಲಿ ಎಷ್ಟೋ ಅಳಿಸಿಹೋಗಿವೆ. ಜಪಾನಿನ ಜಿಯೊಸಿಟೀಸ್ 2019ರ ಮಾರ್ಚಿನಲ್ಲಿ ಮುಚ್ಚಿದಾಗ ಅಂಥ ಪುಟಗಳ ರಾಶಿಯೇ ಹೋಯಿತು. ಉಡುಪಿನ ಚರಿತ್ರೆ ಬರೆಯುವವರು ಅಂಗಡಿಗಳ ಬೆಲೆಪಟ್ಟಿ, ಹೊಲಿಗೆ ಪುಸ್ತಕ, ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಈಗಲೇ ಕೂಡಿಡಬೇಕು. ಮಿತೊ, ಒಕಾಯಾಮಾದ ಕಂಪನಿಗಳು ತಮ್ಮ ಹಳೆಯ ಮಾದರಿಗಳನ್ನು ಉಳಿಸಿಕೊಳ್ಳಬೇಕು.

ಪ್ರಕೃತಿಯ ಹೆಸರು ಹೇಳುವ ಉಡುಪುಗಳು ಮುಂದೆಯೂ ಬರುತ್ತವೆ, ಬೇರೆಬೇರೆ ಹೆಸರಿನಲ್ಲಿ. ಅವುಗಳನ್ನು ತೂಗುವ ಅಳತೆಗೋಲನ್ನು ಮೊರಿ ಗರ್ಲ್‌ನ ಹಿಂದಿನ ಬ್ರ್ಯಾಂಡ್‌ಗಳು ಕೊಟ್ಟುಹೋಗಿವೆ. ಬಟ್ಟೆ ಯಾವ ನಾರಿನದು, ಎಲ್ಲಿ ನೇಯ್ದದ್ದು, ಎಷ್ಟು ವರ್ಷ ತೊಡಬಹುದು, ಹರಿದರೆ ಹೊಲಿಯಬಹುದೇ, ತೊಟ್ಟವಳು ಅದಕ್ಕೆ ತನ್ನದನ್ನೇನಾದರೂ ಸೇರಿಸಬಹುದೇ ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡುವ ಉಡುಪು ಯಾವ ಹೆಸರಿನಲ್ಲಿ ಬಂದರೂ ಬಾಳುತ್ತದೆ.